ಮೊದಲ ನಿಮಿಷಕ್ಕೇ 43 ಮೆಸೇಜು: ಕ್ವಾಂಟಾಸ್ 32 ಪ್ರಕರಣ ಮತ್ತು ಯಂತ್ರಕ್ಕೆ ಬಿಟ್ಟುಕೊಡೋಕಾಗದ ಕೆಲಸ

ಯಂತ್ರಗಳು ಕಿತ್ಕೊಳ್ಳೋಕಾಗದ ಕೌಶಲ ಯಾವ್ದು ಅಂತ ಹುಡುಕಿದ್ರೆ ಎಲ್ಲಾ ಕಡೆ ಅದೇ ಪಟ್ಟಿ ಸಿಗತ್ತೆ, ಸಂವಹನ, ನಾಯಕತ್ವ, ಸಹಾನುಭೂತಿ, ಟೀಮ್‌ವರ್ಕ್. ಪಟ್ಟಿ ತಪ್ಪು ಅಂತಲ್ಲ, ಆದ್ರೆ ಓದಿ ಮುಗಿಸಿದ್ಮೇಲೆ ಕೈಗೆ ಏನೂ ಸಿಕ್ಕಿರಲ್ಲ, ಯಾಕಂದ್ರೆ ಈ ದೊಡ್ಡ ದೊಡ್ಡ ಪದಗಳು ನಿಜವಾದ ಕೆಲಸದ ಮಧ್ಯೆ ಯಾವ ರೂಪದಲ್ಲಿ ಬರ್ತವೆ, ಇಲ್ದೇ ಹೋದ್ರೆ ಏನಾಗತ್ತೆ ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ. ಅದಕ್ಕೇ ಒಂದೇ ಒಂದು ಘಟನೆ ತಗೊಂಡು ಪೂರ್ತಿ ನೋಡೋಣ ಅಂತ. 2010ರ ನವೆಂಬರ್ 4ರ, ಆಸ್ಟ್ರೇಲಿಯಾದ ಏರ್‌ಲೈನ್ ಕ್ವಾಂಟಾಸ್‌ನ ಫ್ಲೈಟ್ 32.

ಇದನ್ನೇ ಯಾಕೆ ಆರಿಸ್ಕೊಂಡೆ ಅಂದ್ರೆ, ಅದು ಎರಡು ಡೆಕ್, ಅಂದ್ರೆ ಎರಡು ಮಹಡಿ ಇರೋ ಏರ್‌ಬಸ್ ಎ380, ಆ ಕಾಲಕ್ಕೆ ತೀರಾ ಹೊಸ ವಿಮಾನ, ಒಳಗಡೆ ಕಂಪ್ಯೂಟರೋ ಕಂಪ್ಯೂಟರು, ಅವುಗಳಲ್ಲಿ ಎಷ್ಟೋ ಆವತ್ತು ತಮ್ಮ ಕೆಲಸ ಸರಿಯಾಗೇ ಮಾಡಿದ್ವು, ಆದ್ರೂ ಮನುಷ್ಯರು ಮಾಡಬೇಕಾದ್ದು ಕಮ್ಮಿ ಆಗ್ಲಿಲ್ಲ, ಜಾಸ್ತಿನೇ ಆಯ್ತು. ಇನ್ನೊಂದು ಕಾರಣ, ಎಟಿಎಸ್‌ಬಿ, ಅಂದ್ರೆ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ, 2013ರ ಜೂನ್‌ನಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ ಯಾರು ಯಾವಾಗ ಏನು ಮಾಡಿದ್ರು ಅನ್ನೋದು ಹಂತ ಹಂತವಾಗಿ ಸಿಗತ್ತೆ, ಹಾಗಾಗಿ ಹೀರೋ ಕಥೆ ಕಟ್ಟೋ ಅಗತ್ಯ ಬೀಳಲ್ಲ.

ಆಗಿದ್ದೇನು

ಸಿಂಗಾಪುರದ ಚಾಂಗಿ ಏರ್‌ಪೋರ್ಟ್‌ನಿಂದ ಸಿಡ್ನಿಗೆ ಹೊರಟ ಫ್ಲೈಟು, ಅಲ್ಲಿನ ಟೈಮಲ್ಲಿ ಬೆಳಿಗ್ಗೆ ಹತ್ತಕ್ಕೆ ಇನ್ನೇನು ಕೆಲವು ನಿಮಿಷ ಇದ್ದಾಗ ಮೇಲೇರ್ತು. 440 ಪ್ರಯಾಣಿಕರು, 29 ಸಿಬ್ಬಂದಿ, ಒಟ್ಟು 469 ಜನ. ಹತ್ತು ಗಂಟೆ ದಾಟಿ ಒಂದು ನಿಮಿಷ ಆಗಿರಬೋದು, ಸುಮಾರು 7,000 ಅಡಿ ಎತ್ತರದಲ್ಲಿ, ಇಂಡೋನೇಷ್ಯಾದ ಬಾಟಮ್ ದ್ವೀಪದ ಮೇಲೆ, ಎಡಗಡೆ ರೆಕ್ಕೆಯ ಒಳಭಾಗದ ಎಂಜಿನ್, ಅಂದ್ರೆ ಎರಡನೇ ನಂಬರಿನ ರೋಲ್ಸ್ ರಾಯ್ಸ್ ಟ್ರೆಂಟ್ 900, ಒಳಗಿಂದ ಒಡೀತು. ಟರ್ಬೈನ್‌ನ ಒಂದು ಡಿಸ್ಕ್ ಚೂರಾಗಿ ಎಂಜಿನ್ ಕವಚ ಸೀಳ್ಕೊಂಡು ಹೊರಗೆ ಬಂತು. ಎಂಜಿನ್ ನಿಂತು ಹೋಗೋದಾಗಿದ್ರೆ ಅಷ್ಟು ದೊಡ್ಡ ವಿಷಯ ಅಲ್ಲ, ನಾಲ್ಕು ಎಂಜಿನ್ ವಿಮಾನ ಮೂರರಲ್ಲಿ ಹಾರತ್ತೆ, ಪೈಲಟ್‌ಗಳು ಅದನ್ನ ಸಿಮ್ಯುಲೇಟರಲ್ಲಿ ಮಾಡಿ ಮಾಡಿ ಅಭ್ಯಾಸ ಆಗಿರತ್ತೆ. ಆದ್ರೆ ಈ ಚೂರುಗಳು ರೆಕ್ಕೆ ತೂರಿಕೊಂಡು ಹೋದ್ವು, ಇಂಧನದ ಟ್ಯಾಂಕ್ ತೂತಾಯ್ತು, ನೂರಾರು ವೈರ್ ಕಟ್ ಆದ್ವು, ಹೈಡ್ರಾಲಿಕ್ಸ್, ಎಲೆಕ್ಟ್ರಿಕಲ್, ಬ್ರೇಕು, ಕಮ್ಮಿ ವೇಗದಲ್ಲೂ ವಿಮಾನನ ಎತ್ತಿ ಹಿಡಿಯೋಕೆ ರೆಕ್ಕೆಯ ಮುಂಭಾಗದಲ್ಲಿರೋ ಸ್ಲ್ಯಾಟ್‌ಗಳು, ಹೀಗೆ ಒಂದಕ್ಕೊಂದು ಸಂಬಂಧನೇ ಇಲ್ಲದ ಸಿಸ್ಟಮ್‌ಗಳೆಲ್ಲ ಒಟ್ಟಿಗೇ ಕೆಟ್ಟು ಕೂತ್ವು.

ಇಕ್ಯಾಮ್ ಅಂತ ಒಂದು ವ್ಯವಸ್ಥೆ ಇದೆ ಏರ್‌ಬಸ್‌ನಲ್ಲಿ. ಏನು ಕೆಟ್ಟಿದೆ ಅಂತ ಸ್ಕ್ರೀನ್ ಮೇಲೆ ತೋರ್ಸತ್ತೆ, ಕೆಳಗೇ ಏನು ಮಾಡಬೇಕು ಅಂತ ಚೆಕ್‌ಲಿಸ್ಟ್ ಕೊಡತ್ತೆ, ಒಂದು ಮುಗಿದ್ರೆ ಇನ್ನೊಂದು. ಬಹಳ ಒಳ್ಳೇ ವ್ಯವಸ್ಥೆ, ಅದರಲ್ಲಿ ಎರಡು ಮಾತಿಲ್ಲ. ಆವತ್ತು ಮೊದಲ ಒಂದು ನಿಮಿಷದಲ್ಲೇ 43 ಮೆಸೇಜ್ ಬಂದ್ವು ಅಂತ ಕಾಕ್‌ಪಿಟ್‌ನಲ್ಲಿದ್ದ ಕ್ಯಾಪ್ಟನ್ ಡೇವಿಡ್ ಇವಾನ್ಸ್ ಆಮೇಲೆ ಹೇಳಿದಾರೆ, ಅದಾದ್ಮೇಲೂ ನಿಲ್ಲಲಿಲ್ಲ. ಅವನ್ನೆಲ್ಲ ಒಂದೊಂದಾಗಿ ಮುಗಿಸೋಕೆ ಸುಮಾರು 50 ನಿಮಿಷ ಬೇಕಾಯ್ತು.

ಕಾಕ್‌ಪಿಟ್‌ನಲ್ಲಿ ಐದು ಜನ ಇದ್ರು. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ, ಫಸ್ಟ್ ಆಫೀಸರ್ ಮ್ಯಾಟ್ ಹಿಕ್ಸ್, ಸೆಕೆಂಡ್ ಆಫೀಸರ್ ಮಾರ್ಕ್ ಜಾನ್ಸನ್, ಜೊತೆಗೆ ಕ್ಯಾಪ್ಟನ್‌ನ ಪರೀಕ್ಷೆ ಮಾಡೋಕೆ ಬಂದಿದ್ದ ಚೆಕ್ ಕ್ಯಾಪ್ಟನ್ ಹ್ಯಾರಿ ವುಬ್ಬೆನ್, ಆ ಚೆಕ್ ಕ್ಯಾಪ್ಟನ್‌ನನ್ನ ಗಮನಿಸೋಕೆ ಬಂದಿದ್ದ ಇವಾನ್ಸ್. ಇದು ಅದೃಷ್ಟ, ಇದನ್ನ ಮೊದ್ಲೇ ಒಪ್ಕೊಂಡು ಬಿಡೋಣ. ಮಾಮೂಲಿ ದಿನ ಇಷ್ಟು ಜನ ಇರಲ್ಲ. ಆದ್ರೆ ಐದು ಜನ ಅನುಭವಸ್ಥರನ್ನ ಒಂದು ಸಣ್ಣ ಕೋಣೇಲಿ ಕೂರಿಸಿದ್ರೆ ಕೆಲಸ ಸಲೀಸಾಗೇ ಆಗತ್ತೆ ಅಂತೇನಿಲ್ಲ, ಅದ್ರಲ್ಲೂ ಇಬ್ಬರು ಇನ್ನೊಬ್ಬರ ತಪ್ಪು ಹುಡುಕೋಕೇ ಅಂತ ಬಂದಿದ್ದಾಗ. ಮೇಲಧಿಕಾರಿ ಹಿಂದೆ ನಿಂತು ನೋಡ್ತಿರುವಾಗ ಕೆಲಸ ಮಾಡಿದವರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ.

ಮೊದಲ ಕೆಲಸ: ಏನೂ ಮಾಡ್ದೇ ಇರೋದು

ಸದ್ದು ಕೇಳಿದ ತಕ್ಷಣ ಕ್ಯಾಪ್ಟನ್ ಮಾಡಿದ್ದು ಎತ್ತರ ಮತ್ತು ದಿಕ್ಕು ಹಾಗೇ ಹಿಡಿದಿಡೋ ಬಟನ್ ಒತ್ತಿದ್ದು. ವಿಮಾನ ಹಾರ್ತಾ ಇದೆ, ಮೊದಲು ಅದು ಹಾರ್ತಾನೇ ಇರ್ಲಿ. ಆಟೋ ಥ್ರಸ್ಟ್ ತಾನಾಗೇ ಪವರ್ ಕಮ್ಮಿ ಮಾಡತ್ತೆ ಅಂತ ಅಂದ್ಕೊಂಡಿದ್ರು, ಮಾಡ್ಲಿಲ್ಲ, ಕೈಯಲ್ಲೇ ಮಾಡಿದ್ರು. ಆಮೇಲೆ ತಕ್ಷಣ ವಾಪಸ್ ಇಳಿಯೋದಾ ಅಥವಾ ಹತ್ತಿರದಲ್ಲೇ ಸುತ್ತು ಹಾಕ್ತಾ ಏನಾಗಿದೆ ಅಂತ ತಿಳ್ಕೊಳ್ಳೋದಾ ಅನ್ನೋ ಪ್ರಶ್ನೆ. ಅವರು ಎರಡನೇದನ್ನ ಆರಿಸ್ಕೊಂಡ್ರು, ಚಾಂಗಿಯಿಂದ ದೂರ ಹೋಗ್ದೇ ಸುತ್ತು ಹಾಕಿದ್ರು. ತುರ್ತು ಸಂದರ್ಭದಲ್ಲಿ ಆತುರ ಪಡ್ದೇ ಇರೋದು ಎಷ್ಟು ಕಷ್ಟ ಅಂತ ಹೊರಗೆ ಕೂತು ಹೇಳೋದು ಸುಲಭ, ಅಲ್ಲಿ ಅಲಾರಂ ಹೊಡ್ಕೊಳ್ತಾನೇ ಇರತ್ತೆ, ರೆಕ್ಕೆಯಿಂದ ಇಂಧನ ಸೋರ್ತಾ ಇರತ್ತೆ, ಹಿಂದೆ ನಾನೂರು ಚಿಲ್ಲರೆ ಜನ ಕೂತಿರ್ತಾರೆ.

ಕೆಲಸ ಹಂಚಿಕೊಂಡ್ರು. ಕ್ಯಾಪ್ಟನ್ ಹಾರಿಸೋದು, ಹಿಕ್ಸ್ ಇಕ್ಯಾಮ್ ನೋಡೋದು, ಉಳಿದವರು ಗಮನಿಸೋದು, ಲೆಕ್ಕ ಹಾಕೋದು. ಇದೂ ಹೊಸದೇನಲ್ಲ, ತರಬೇತಿಯಲ್ಲಿ ಹೇಳ್ಕೊಡೋದೇ. ಸ್ವಲ್ಪ ಹೊತ್ತಾದ್ಮೇಲೆ ಒಂದು ಹಂತ ಬಂತು, ಕೆಟ್ಟಿರೋದರ ಪಟ್ಟಿ ಎಷ್ಟು ಉದ್ದ ಆಯ್ತಂದ್ರೆ ತಲೆಯಲ್ಲಿ ಇಟ್ಕೊಳ್ಳೋಕೇ ಆಗ್ಲಿಲ್ಲ. ಆಗ ಡಿ ಕ್ರೆಸ್ಪಿನಿ ಯೋಚನೆನೇ ತಿರುಗಿಸಿಬಿಟ್ರು, ಏನೇನು ಹೋಗಿದೆ ಅನ್ನೋದು ಬೇಡ, ಏನೇನು ಉಳ್ಕೊಂಡಿದೆ ಅಂತ ನೋಡೋಣ ಅಂತ. ಉಳಿದಿರೋದ್ರಲ್ಲಿ ಒಂದು ಸಣ್ಣ ಸೆಸ್ನಾ ವಿಮಾನದಷ್ಟು ಕಟ್ಟಿಕೊಂಡ್ರೆ ಸಾಕು, ಅದನ್ನ ಹಾರಿಸೋಕೆ ಬರತ್ತೆ, ಇಳಿಸೋಕೂ ಬರತ್ತೆ. ಚಂದ್ರನ ಕಡೆ ಹೊರಟು ದಾರೀಲೇ ಕೆಟ್ಟ ಅಪೊಲೊ 13ರ ಸಮಯದಲ್ಲಿ ನಾಸಾದ ಫ್ಲೈಟ್ ಡೈರೆಕ್ಟರ್ ಜೀನ್ ಕ್ರಾಂಜ್ ಹೀಗೇ ಯೋಚ್ನೆ ಮಾಡಿದ್ದು ನೆನಪಾಯ್ತು ಅಂತ ಅವರೇ ಆಮೇಲೆ ಹೇಳ್ಕೊಂಡಿದಾರೆ.

ಈ ತಿರುವಿನ ಬಗ್ಗೆ ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಸಿಕ್ಕಾಪಟ್ಟೆ ಹೊಗಳ್ತಾರೆ, ಹೊಗಳೋ ಹಾಗೇ ಇದೆ. ಆದ್ರೆ ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ಹೆಚ್ಚು ಬೆಲೆ ಬಾಳೋ ಭಾಗ ಇದಲ್ಲ. 43 ಮೆಸೇಜಲ್ಲಿ ಯಾವುದು ಮುಖ್ಯ ಅಂತ ವಿಂಗಡಿಸೋದು, ಉಳಿದ ಸಾಮರ್ಥ್ಯ ಲೆಕ್ಕ ಹಾಕೋದು, ಇವೆಲ್ಲ ಇನ್ನು ಹತ್ತು ಹದಿನೈದು ವರ್ಷದಲ್ಲಿ ಯಂತ್ರ ನಮಗಿಂತ ಚೆನ್ನಾಗಿ ಮಾಡಿದ್ರೆ ಆಶ್ಚರ್ಯ ಪಡಬೇಕಿಲ್ಲ. ಅದನ್ನ ಮನುಷ್ಯನ ಕೋಟೆ ಅಂತ ಹೇಳ್ಕೊಂಡು ಕೂತ್ರೆ ನಾಳೆ ಆ ಕೋಟೆನೂ ಬೀಳತ್ತೆ.

ಸೀಟಿನ ಹಿಂದಿನ ಸ್ಕ್ರೀನ್

ಹೆಚ್ಚು ಜನ ಗಮನಿಸದ ಭಾಗ ಒಂದಿದೆ. ಸೆನ್ಸರ್‌ಗಳು ಹೇಳೋದನ್ನ ಕೇಳಿ ಕೇಳಿ ಕಾಕ್‌ಪಿಟ್‌ನವರಿಗೆ ಒಂದು ಅನುಮಾನ ಇತ್ತು, ಹೊರಗೆ ನಿಜವಾಗಿ ಏನಾಗಿದೆ? ಜಾನ್ಸನ್‌ನ ಹಿಂದೆ ಕ್ಯಾಬಿನ್‌ಗೆ ಕಳಿಸಿದ್ರು, ಕಿಟಕಿಯಿಂದ ನೋಡ್ಕೊಂಡು ಬಾ ಅಂತ. ಅವರು ನಡ್ಕೊಂಡು ಹೋಗ್ತಿರುವಾಗ ಅದೇ ಕಂಪನಿಯ ಇನ್ನೊಬ್ಬ ಪೈಲಟ್, ಆವತ್ತು ಪ್ರಯಾಣಿಕರಾಗಿ ಬಂದಿದ್ದವರು, ಅವರನ್ನ ನಿಲ್ಲಿಸಿ ಸೀಟಿನ ಮುಂದಿನ ಸ್ಕ್ರೀನ್ ತೋರಿಸಿದ್ರು. ಎ380ರ ಬಾಲದ ಮೇಲೆ ಒಂದು ಕ್ಯಾಮೆರಾ ಇರತ್ತೆ, ಪ್ರಯಾಣಿಕರು ಹೊರಗಿನ ನೋಟ ನೋಡ್ಲಿ ಅಂತ ಮನರಂಜನೆಗೆ ಇಟ್ಟಿರೋದು. ಅದರಲ್ಲಿ ಎಡ ರೆಕ್ಕೆಯಿಂದ ಏನೋ ದ್ರವ ಸೋರ್ತಿರೋದು ಕಾಣ್ತಿತ್ತು. ಜಾನ್ಸನ್ ಕೆಳಗಿನ ಡೆಕ್‌ನ ಕಿಟಕಿ ಹತ್ರ ಹೋಗಿ ನೋಡಿದ್ರೆ ರೆಕ್ಕೆಗೆ ಆದ ಹಾನಿನೂ ಕಾಣ್ತು, ಹಿಂದಕ್ಕೆ ಹೋಗ್ತಿದ್ದ ಇಂಧನದ ಗೆರೆನೂ ಕಾಣ್ತು.

ಇದು ಯಾಕೆ ಮುಖ್ಯ ಅಂದ್ರೆ, ಎರಡೂ ಕಡೆ ಇಂಧನ ಸಮ ಇಲ್ಲ, ಟ್ಯಾಂಕ್‌ನಿಂದ ಟ್ಯಾಂಕ್‌ಗೆ ವರ್ಗಾಯಿಸಿ ಅಂತ ಇಕ್ಯಾಮ್ ಹೇಳ್ತಾ ಇತ್ತು. ಚೆಕ್‌ಲಿಸ್ಟ್ ತನ್ನ ಲೆಕ್ಕದಲ್ಲಿ ಸರಿನೇ. ಆದ್ರೆ ರೆಕ್ಕೆ ತೂತಾಗಿರುವಾಗ, ಪೈಪುಗಳ ಸ್ಥಿತಿ ಏನು ಅಂತ ಗೊತ್ತಿಲ್ದಿರುವಾಗ, ಒಳ್ಳೇ ಟ್ಯಾಂಕಿನ ಇಂಧನನ ತಗೊಂಡು ಆ ಕಡೆ ಕಳಿಸೋದು ಸರಿಯಾ? ಅವರು ಆ ಸೂಚನೆಗಳನ್ನ ಪಾಲಿಸಲಿಲ್ಲ. ಇಲ್ಲಿ ಪೈಲಟ್ ಯಂತ್ರಕ್ಕಿಂತ ಜಾಣ ಅನ್ನೋದಲ್ಲ ವಿಷಯ. ಒಬ್ಬ ಪ್ರಯಾಣಿಕ ತನಗೆ ಕಂಡದ್ದನ್ನ ಬಾಯಿಬಿಟ್ಟು ಹೇಳಿದ, ಹೋಗ್ತಿದ್ದವರು ನಿಂತು ಕೇಳಿಸ್ಕೊಂಡ್ರು, ಅದು ಕಾಕ್‌ಪಿಟ್‌ವರೆಗೂ ಬಂತು, ಅಲ್ಲಿ ಅದಕ್ಕೆ ಬೆಲೆ ಸಿಕ್ತು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ರೂ ಆ ಮಾಹಿತಿ ಅಲ್ಲೇ ಸೀಟಿನ ಸ್ಕ್ರೀನ್ ಮೇಲೇ ಉಳೀತಿತ್ತು.

ಕೊಂಡಿ ಕಳಚಿದ್ದೂ ಇದೆ ಅದೇ ವಿಮಾನದಲ್ಲಿ. ಕ್ಯಾಬಿನ್ ಸಿಬ್ಬಂದಿಯ ಮುಖ್ಯಸ್ಥ ಮೈಕಲ್ ಫಾನ್ ರೆತ್ ಕಾಕ್‌ಪಿಟ್‌ಗೆ ತುರ್ತು ಕರೆ ಮಾಡಿದ್ರು, ಆದ್ರೆ ಆ ಕರೆಯ ಸದ್ದೂ ಉಳಿದ ಎಚ್ಚರಿಕೆಗಳ ಸದ್ದೂ ಒಂದೇ ಹಾರ್ನ್, ಹಾಗಾಗಿ ಪೈಲಟ್‌ಗಳು ಇದೂ ಇನ್ನೊಂದು ಅಲಾರಂ ಅಂತ ಅಂದ್ಕೊಂಡು ಆಫ್ ಮಾಡ್ತಾ ಹೋದ್ರು. ಮನುಷ್ಯನ ದನಿ ಯಂತ್ರದ ದನಿ ಒಳಗೆ ಕರಗಿ ಹೋಗಿತ್ತು ಅಂತ ಬೇಕಾದ್ರೆ ಹೇಳಿ, ನಾನಂತೂ ಇದನ್ನ ಕೆಟ್ಟ ಡಿಸೈನ್ ಅಂತೀನಿ. ದಿನಕ್ಕೆ ನೂರಾರು ಆಟೊಮ್ಯಾಟಿಕ್ ನೋಟಿಫಿಕೇಶನ್ ಬರೋ ಆಫೀಸಲ್ಲಿ ಸಹೋದ್ಯೋಗಿಯ ಒಂದು ಅರ್ಜೆಂಟ್ ಮೆಸೇಜ್ ಹೇಗೆ ಮುಳುಗಿ ಹೋಗತ್ತೋ ಅದೇ ಇದು.

ಲೆಕ್ಕದ ಕಂಪ್ಯೂಟರು

ಇಳಿಯೋಕೆ ರನ್‌ವೇ ಸಾಕಾಗತ್ತಾ? ವಿಮಾನ ಇನ್ನೂ ಇಂಧನದಿಂದ ತುಂಬಿದೆ, ಇಳಿಯೋಕೆ ಇರೋ ಗರಿಷ್ಠ ತೂಕಕ್ಕಿಂತ ಹತ್ತಾರು ಟನ್ ಜಾಸ್ತಿ, ಬ್ರೇಕ್ ಅರ್ಧಂಬರ್ಧ, ಸ್ಲ್ಯಾಟ್ ಇಲ್ಲ. ಲೆಕ್ಕ ಹಾಕೋ ಪ್ರೋಗ್ರಾಮ್‌ಗೆ ಎಲ್ಲಾ ದೋಷ ತುಂಬಿಸಿ ಕೊಟ್ರೆ ಅದು ಉತ್ತರನೇ ಕೊಡ್ಲಿಲ್ಲ. ಚೆಕ್ ಕ್ಯಾಪ್ಟನ್‌ಗಳು ತುಂಬಿಸಿದ ವಿವರಗಳನ್ನ ಮತ್ತೆ ನೋಡಿದ್ರು, ಒದ್ದೆ ರನ್‌ವೇಗೆ ಸಂಬಂಧಪಟ್ಟ ಅಂಶಗಳೂ ಅದರಲ್ಲಿ ಸೇರಿದ್ವು, ಆದ್ರೆ ರನ್‌ವೇ ಒಣಗಿದೆ ಅಂತ ಇವರಿಗೆ ಗೊತ್ತಿತ್ತು. ಅದನ್ನ ತೆಗೆದು ಮತ್ತೆ ಲೆಕ್ಕ ಹಾಕಿದ್ರು. 4,000 ಮೀಟರ್ ರನ್‌ವೇನಲ್ಲಿ 100 ಮೀಟರ್ ಉಳಿಯತ್ತೆ ಅಂತ ಬಂತು.

ಇಲ್ಲಿ ಯಂತ್ರಕ್ಕೂ ನ್ಯಾಯ ಸಲ್ಲಬೇಕು. ಆ ಲೆಕ್ಕ ಕೈಯಲ್ಲಿ ಹಾಕೋಕೆ ಹೊರಟಿದ್ರೆ ಆಗ್ತಿರ್ಲಿಲ್ಲ, ಅಷ್ಟು ಹಾನಿ ಆದ್ಮೇಲೂ ವಿಮಾನ ಮಾತು ಕೇಳ್ತಾ ಇತ್ತಲ್ಲ, ಅದಕ್ಕೆ ಏರ್‌ಬಸ್ ಎಂಜಿನಿಯರುಗಳು ಕಂಪ್ಯೂಟರ್ ಮೇಲೆ ಕಂಪ್ಯೂಟರ್ ಇಟ್ಟು ಕಟ್ಟಿದ್ದೂ ಕಾರಣ. ಮನುಷ್ಯ ಸೇರಿಸಿದ್ದು ಲೆಕ್ಕಕ್ಕೆ ಕೊಟ್ಟಿರೋ ವಿವರ ಹೊರಗಿನ ಪರಿಸ್ಥಿತಿಗೆ ಹೊಂದತ್ತಾ ಅನ್ನೋ ಒಂದು ಪ್ರಶ್ನೆ, ಅಷ್ಟೇ. ಸಣ್ಣದು ಅನ್ನಿಸಬೋದು. ಉತ್ತರ ಬಂದ ಮೇಲೂ ಅದನ್ನ ಸುಮ್ನೆ ನಂಬ್ಕೊಂಡು ಇಳಿಯಲಿಲ್ಲ ಅವರು, ಗಾಳೀಲೇ ವಿಮಾನನ ಆ ಕಡೆ ಈ ಕಡೆ ವಾಲಿಸಿ, ಇಳಿಯೋ ವೇಗದಲ್ಲಿ ಹಿಡಿತಕ್ಕೆ ಸಿಗತ್ತಾ ಅಂತ ಪರೀಕ್ಷೆ ಮಾಡಿದ್ರು. ಮೊದಲನೇ ಮತ್ತು ನಾಲ್ಕನೇ ಎಂಜಿನ್‌ನ ಪವರ್ ಒಂದು ಮಟ್ಟಕ್ಕೆ ನಿಲ್ಲಿಸಿ ಮೂರನೇದ್ರಲ್ಲಿ ಮಾತ್ರ ವೇಗ ಹೆಚ್ಚು ಕಮ್ಮಿ ಮಾಡ್ಕೊಂಡು ಬಂದ್ರು. 11:46ಕ್ಕೆ ನೆಲ ಮುಟ್ತು, ರನ್‌ವೇ ತುದಿಗೆ ಸುಮಾರು 150 ಮೀಟರ್ ಇದ್ದಾಗ ನಿಲ್ತು. ನಾಲ್ಕು ಟೈರ್ ಒಡೆದಿದ್ವು.

ನೆಲಕ್ಕೆ ಬಂದ ಮೇಲೆ

ಸಿನಿಮಾ ಆಗಿದ್ರೆ ಇಲ್ಲಿಗೆ ಚಪ್ಪಾಳೆ. ನಿಜವಾದ ಕಷ್ಟದ ತೀರ್ಮಾನ ಇಲ್ಲಿಂದ ಶುರು ಆಗತ್ತೆ ಅಂತ ನನಗನ್ಸತ್ತೆ.

ಬ್ರೇಕ್‌ಗಳು ಕಾದು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗಿವೆ. ಅದರ ಹತ್ತಿರದಲ್ಲೇ ರೆಕ್ಕೆಯಿಂದ ಇಂಧನ ಸುರೀತಾ ಇದೆ. ಎಂಜಿನ್‌ಗಳನ್ನ ಆಫ್ ಮಾಡಿದ್ರೆ ಕಾಕ್‌ಪಿಟ್‌ನ ಹತ್ತು ಸ್ಕ್ರೀನ್‌ಗಳಲ್ಲಿ ಒಂಬತ್ತು ಕತ್ತಲಾದ್ವು, ಒಂದೇ ಒಂದು ರೇಡಿಯೋ ಉಳೀತು. ಅದರ ಮೇಲೆ ಮೊದಲನೇ ಎಂಜಿನ್ ಆಫ್ ಆಗ್ಲೇ ಇಲ್ಲ, ವೈರ್ ಕಟ್ ಆಗಿದೆ, ಸ್ವಿಚ್ಚಿಗೂ ಕೇಳಲ್ಲ ಏನಕ್ಕೂ ಕೇಳಲ್ಲ, ಸುಮ್ನೆ ಓಡ್ತಾನೇ ಇದೆ. ಅಗ್ನಿಶಾಮಕದವರು ಹತ್ರ ಬರೋಕೆ ಹೆದರೋ ಪರಿಸ್ಥಿತಿ.

ಬಾಗಿಲು ತೆಗೆದು ಸ್ಲೈಡ್ ಬಿಟ್ಟು ಎಲ್ರನ್ನೂ ಇಳಿಸಿಬಿಡೋದು ಸಹಜವಾಗಿ ತಲೆಗೆ ಬರೋ ಉತ್ತರ, ಆಮೇಲೆ ಯಾರೂ ಪ್ರಶ್ನೆನೂ ಕೇಳ್ತಿರ್ಲಿಲ್ಲ. ಆದ್ರೆ ಸ್ಲೈಡ್‌ನಲ್ಲಿ ಇಳಿಯುವಾಗ ಕೈಕಾಲು ಮುರ್ಕೊಳ್ಳೋದು ಅಪರೂಪ ಅಲ್ಲ, ಮೇಲಿನ ಡೆಕ್ಕಂತೂ ಎತ್ತರದ ಕಟ್ಟಡ ಇದ್ದ ಹಾಗೆ, ವಯಸ್ಸಾದವರು, ಮಕ್ಕಳು, ಇಳಿದವರು ಹೋಗಿ ನಿಲ್ಲೋದೆಲ್ಲಿ, ಇಂಧನ ಹರಿದಿರೋ ನೆಲದ ಮೇಲೆ, ಓಡ್ತಿರೋ ಎಂಜಿನ್ ಪಕ್ಕ. ಒಳಗೆ ಕೂರಿಸಿ ಬೆಂಕಿ ಹತ್ತಿಕೊಂಡ್ರೆ? ಎರಡು ಕಡೆನೂ ಜೀವ ಇದೆ. ಅವರು ಮಾತಾಡ್ಕೊಂಡ್ರು, ಒಳಗೇ ಇರೋದು ಸದ್ಯಕ್ಕೆ ಹೆಚ್ಚು ಸುರಕ್ಷಿತ ಅಂತ ತೀರ್ಮಾನ ಆಯ್ತು, ಆದ್ರೆ ಪರಿಸ್ಥಿತಿ ಬದಲಾದ್ರೆ ತಕ್ಷಣ ಇಳಿಸೋ ಹಾಗೆ ಕ್ಯಾಬಿನ್ ಸಿಬ್ಬಂದಿ ಬಾಗಿಲ ಹತ್ರ ತಯಾರಾಗಿ ನಿಂತ್ರು. ಅಗ್ನಿಶಾಮಕದವರು ನೊರೆ ಹಾಕಿದ್ರು. ಸುಮಾರು 50 ನಿಮಿಷ ಕಳೆದ ಮೇಲೆ ಬಲಗಡೆಯ ಒಂದು ಬಾಗಿಲಿಗೆ ಮೆಟ್ಟಿಲು ಇಟ್ಟು ಇಳಿಸೋಕೆ ಶುರು ಮಾಡಿದ್ರು, ಎಲ್ರೂ ಇಳಿಯೋಕೆ ಇನ್ನೂ ಒಂದು ಗಂಟೆ ಬೇಕಾಯ್ತು. ಒಬ್ಬರಿಗೂ ಗಾಯ ಆಗ್ಲಿಲ್ಲ. ಆ ಮೊದಲನೇ ಎಂಜಿನ್ ಮಾತ್ರ ನೆಲ ಮುಟ್ಟಿ ಸುಮಾರು ಮೂರು ಗಂಟೆ ಆದ್ಮೇಲೆ ನೊರೆ ಕುಡಿಸಿ ಕುಡಿಸಿ ನಿಲ್ಲಿಸಿದ್ರು.

ಆ ಐವತ್ತು ನಿಮಿಷ ನೆನೆಸ್ಕೊಳ್ಳಿ. 440 ಜನ, ಕಿಟಕಿಯಿಂದ ಹಾನಿ ಆದ ರೆಕ್ಕೆ ಕಾಣ್ತಿದೆ, ಎಂಜಿನ್ ಸದ್ದು ನಿಂತಿಲ್ಲ, ಇಳಿಯೋಕೆ ಬಿಡ್ತಿಲ್ಲ. ಯಾರೋ ಒಬ್ರು ಎದ್ದು ಬಾಗಿಲು ಎಳೆದಿದ್ರೆ ಅಲ್ಲಿಗೆ ಮುಗೀತಿತ್ತು. ಯಾರೂ ಎಳೀಲಿಲ್ಲ ಅಂದ್ರೆ 24 ಜನ ಕ್ಯಾಬಿನ್ ಸಿಬ್ಬಂದಿ ಆ ಜನರ ಮಧ್ಯೆ ಓಡಾಡ್ತಾ ಮುಖ ನೋಡಿ ಮಾತಾಡಿಸ್ತಾ ಏನೋ ಮಾಡ್ತಾ ಇದ್ರು ಅಂತ ಅರ್ಥ, ಅದು ಯಾವ ಗ್ರಾಫಲ್ಲೂ ಬರಲ್ಲ. ಸೀಟ್ ಬೆಲ್ಟ್ ಹಾಕ್ಕೊಂಡು ಕೂತಿರಿ ಅನ್ನೋ ಅದೇ ವಾಕ್ಯನ ಸ್ಪೀಕರ್ ಹೇಳೋದಕ್ಕೂ, ಅದೇ ಅಪಾಯದಲ್ಲಿ ಪಕ್ಕದಲ್ಲೇ ನಿಂತಿರೋ ಮನುಷ್ಯ ಹೇಳೋದಕ್ಕೂ ವ್ಯತ್ಯಾಸ ಇದೆ. ಹೇಳ್ತಿರೋವ್ರಿಗೂ ಕಳ್ಕೊಳ್ಳೋಕೆ ಏನೋ ಇದೆ ಅಂತ ಕೇಳೋವ್ರಿಗೆ ಗೊತ್ತಿರತ್ತೆ. ಯಂತ್ರದ ದನಿ ಎಷ್ಟೇ ಮೃದು ಆದ್ರೂ ಈ ಒಂದು ಅಂಶ ಅದಕ್ಕೆ ಬರಲ್ಲ.

ಆಮೇಲೆ ಡಿ ಕ್ರೆಸ್ಪಿನಿ ಟರ್ಮಿನಲ್‌ಗೆ ಹೋಗಿ ಪ್ರಯಾಣಿಕರ ಜೊತೆ ಕೂತು ಏನಾಯ್ತು ಅಂತ ವಿವರಿಸಿದ್ರು, ತಮ್ಮ ಸ್ವಂತ ಫೋನ್ ನಂಬರ್ ಕೊಟ್ರು, ಪ್ರಶ್ನೆ ಇದ್ರೆ ಕಾಲ್ ಮಾಡಿ ಅಂತ. ದೊಡ್ಡ ಕಂಪನಿಗಳ ದೂರು ವಿಭಾಗಕ್ಕೆ ಚಾಟ್‌ಬಾಟ್ ಹಾಕೋವ್ರು ಇದೊಂದು ಭಾಗನ ಎರಡು ಸಲ ಓದ್ಬೇಕು.

ಎಂಜಿನ್ ಯಾಕೆ ಒಡೀತು

ಇಲ್ಲಿವರೆಗೂ ಓದಿದ್ರೆ ಮನುಷ್ಯರು ಕಾಪಾಡಿದ್ರು ಅನ್ನೋ ಕಥೆ ಥರ ಕಾಣತ್ತೆ. ಎಟಿಎಸ್‌ಬಿ ವರದಿಯ ಇನ್ನರ್ಧ ಓದಿದ್ರೆ ಚಿತ್ರ ಬದಲಾಗತ್ತೆ. ಎಂಜಿನ್ ಒಳಗೆ ಆಯಿಲ್ ಹರಿಯೋ ಒಂದು ಚಿಕ್ಕ ಪೈಪು. ಅದನ್ನ ತಯಾರಿಸುವಾಗ ಕೊರೆದ ರಂಧ್ರ ನಡುವಿಂದ ಒಂದು ಪಕ್ಕಕ್ಕೆ ಜರುಗಿತ್ತು, ಹಾಗಾಗಿ ಪೈಪಿನ ಗೋಡೆ ಒಂದು ಕಡೆ ತೆಳ್ಳಗಾಗಿತ್ತು. ಅಲ್ಲಿ ಬಿರುಕು ಬಂತು, ಆಯಿಲ್ ಸೋರ್ತು, ಬೆಂಕಿ ಆಯ್ತು, ಡಿಸ್ಕ್ ಬಿಚ್ಕೊಂಡು ಹೋಯ್ತು. ಪೈಪ್ ತಯಾರಾದ ಇಂಗ್ಲೆಂಡಿನ ಹಕ್‌ನಲ್ ಘಟಕದಲ್ಲಿ, ತಯಾರಿಸೋರಿಗೆ ಸಣ್ಣದು ಅನ್ನಿಸಿದ ವ್ಯತ್ಯಾಸಗಳನ್ನ ಮೇಲೆ ತಿಳಿಸ್ದೇ ಇದ್ರೂ ನಡೆಯತ್ತೆ ಅನ್ನೋ ಸಂಸ್ಕೃತಿ ಇತ್ತು ಅಂತ ವರದಿ ಹೇಳತ್ತೆ.

ಅಂದ್ರೆ ನೋಡಿ, ವಿಮಾನದಲ್ಲಿ ಒಬ್ಬ ಪ್ರಯಾಣಿಕ ಸ್ಕ್ರೀನ್ ಮೇಲೆ ಕಂಡದ್ದನ್ನ ಹೇಳಿದ, ಕೇಳಿಸ್ಕೊಂಡ್ರು. ಕಾರ್ಖಾನೆಯಲ್ಲಿ ಕಂಡದ್ದನ್ನ ಹೇಳೋ ಅಭ್ಯಾಸ ಸಡಿಲ ಆಗಿತ್ತು. ಎರಡೂ ಕಡೆ ಇದ್ದದ್ದು ಮನುಷ್ಯರೇ, ಎರಡೂ ಕಡೆ ಅಳತೆ ಮಾಡೋ ಉಪಕರಣ ಇತ್ತು. ಮನುಷ್ಯ ಇದ್ದ ಮಾತ್ರಕ್ಕೆ ಕೌಶಲ ಇರತ್ತೆ ಅಂತಲ್ಲ. ಕಂಡದ್ದನ್ನ ಹೇಳೋದು, ಹೇಳಿದ್ದನ್ನ ಕೇಳಿಸ್ಕೊಳ್ಳೋದು, ಇದು ಹುಟ್ಟಿನಿಂದ ಬಂದು ಬಿಡೋ ಗುಣ ಅಂತ ಅಂದ್ಕೊಂಡಿರೋದೇ ನಮ್ಮ ದೊಡ್ಡ ತಪ್ಪು. ಇದನ್ನ ಕಲಿಸ್ಬೇಕು, ಜಾಗ ಮಾಡಿ ಕೊಡ್ಬೇಕು, ಹೇಳಿದವರಿಗೆ ಪೆಟ್ಟು ಬೀಳದ ಹಾಗೆ ನೋಡ್ಕೋಬೇಕು.

ವಿಮಾನಯಾನ ಇದನ್ನ ಹೆಣಗಳ ಲೆಕ್ಕದಲ್ಲಿ ಕಲಿತಿದ್ದು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ರ ಯುನೈಟೆಡ್ 173 ಬಿತ್ತು, ಡಿಸಿ-8 ವಿಮಾನ, 189 ಜನರಲ್ಲಿ 10 ಜನ ಸತ್ರು. ಲ್ಯಾಂಡಿಂಗ್ ಗೇರ್‌ನಲ್ಲಿ ಏನೋ ತೊಂದ್ರೆ ಅಂತ ಕ್ಯಾಪ್ಟನ್ ಅದರಲ್ಲೇ ಮುಳುಗಿದ್ರು, ವಿಮಾನ ಸುತ್ತು ಹಾಕ್ತಾನೇ ಇತ್ತು, ಇಂಧನ ಮುಗೀತಾ ಬಂತು. ಇಂಧನದ ಮುಳ್ಳು ಸರಿಯಾಗೇ ತೋರಿಸ್ತಿತ್ತು, ಫ್ಲೈಟ್ ಎಂಜಿನಿಯರ್‌ಗೂ ಗೊತ್ತಿತ್ತು, ಹೇಳಿದ್ರು ಕೂಡ, ಆದ್ರೆ ಕ್ಯಾಪ್ಟನ್ ತಲೆಗೆ ಹೋಗೋ ಹಾಗೆ ಗಟ್ಟಿಯಾಗಿ ಅಲ್ಲ. 1979ರಲ್ಲಿ ನಾಸಾ ಈ ವಿಷಯದ ಮೇಲೆ ಕಾರ್ಯಾಗಾರ ಮಾಡ್ತು, 1981ರಲ್ಲಿ ಯುನೈಟೆಡ್ ತನ್ನ ಸಿಬ್ಬಂದಿಗೆ ತರಬೇತಿ ಶುರು ಮಾಡ್ತು, ಅದೇ ಮುಂದೆ ಸಿಆರ್‌ಎಂ, ಅಂದ್ರೆ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಅನ್ನೋ ಹೆಸರಲ್ಲಿ ಪ್ರಪಂಚದ ಎಲ್ಲಾ ಕಡೆ ಹರಡ್ತು. ಕಿರಿಯರು ಹೇಗೆ ಗಟ್ಟಿಯಾಗಿ ಹೇಳ್ಬೇಕು, ಹಿರಿಯರು ಹೇಗೆ ಕೇಳ್ಬೇಕು, ಇದನ್ನ ಎಂಜಿನ್ ಪಾಠದಷ್ಟೇ ಗಂಭೀರವಾಗಿ ಕಲಿಸೋದು. ಕ್ವಾಂಟಾಸ್ 32ರ ಐವರೂ ಆ ಪರಂಪರೆಯಲ್ಲಿ ಬೆಳೆದವರು.

ಇದಕ್ಕೆ ಬರೋ ಆಕ್ಷೇಪ

ಏರ್ ಫ್ರಾನ್ಸ್ 447ರಲ್ಲೂ ತರಬೇತಿ ಆದ ಪೈಲಟ್‌ಗಳೇ ಇದ್ರಲ್ಲ ಅಂತ ಕೇಳ್ಬೋದು, ಕೇಳ್ಬೇಕು ಕೂಡ. 2009ರ ಜೂನ್ 1, ರಿಯೊದಿಂದ ಪ್ಯಾರಿಸ್‌ಗೆ ಹೋಗ್ತಿದ್ದ ಎ330, ವೇಗ ಅಳೆಯೋ ಕೊಳವೆಗಳಲ್ಲಿ ಐಸ್ ಕಟ್ಕೊಂಡು ಆಟೋಪೈಲಟ್ ಕೈ ಬಿಡ್ತು, ಸ್ಟಾಲ್ ಎಚ್ಚರಿಕೆ, ಅಂದ್ರೆ ರೆಕ್ಕೆಗಳು ವಿಮಾನನ ಎತ್ತಿ ಹಿಡಿಯೋ ಶಕ್ತಿ ಕಳ್ಕೊಳ್ತಿವೆ ಅನ್ನೋ ಎಚ್ಚರಿಕೆ, ಮತ್ತೆ ಮತ್ತೆ ಕೂಗ್ತಾ ಇದ್ರೂ ವಿಮಾನನ ಮೂಗು ಮೇಲೆತ್ತೇ ಹಿಡಿದಿದ್ರು, 228 ಜನ ಅಟ್ಲಾಂಟಿಕ್ ಪಾಲಾದ್ರು. ಅಲ್ಲಿ ಯಂತ್ರ ಹೇಳಿದ್ದು ಸರಿ ಇತ್ತು, ಮನುಷ್ಯ ಕೇಳ್ಲಿಲ್ಲ. ಇಕ್ಯಾಮ್ ಮಾತು ಮೀರಿದ್ದು ಕ್ವಾಂಟಾಸ್‌ನಲ್ಲಿ ಜಾಣತನ, ಎಚ್ಚರಿಕೆ ಮೀರಿದ್ದು ಇಲ್ಲಿ ದುರಂತ. ಹಾಗಾದ್ರೆ ಯಾವಾಗ ಕೇಳ್ಬೇಕು ಯಾವಾಗ ಮೀರ್ಬೇಕು ಅಂತ ಒಂದು ಸೂತ್ರ ಕೊಡಿ ಅಂದ್ರೆ, ನನ್ನ ಹತ್ರ ಇಲ್ಲ. ವ್ಯತ್ಯಾಸ ಕಾಣೋದು ಒಂದೇ ಕಡೆ, ಕ್ವಾಂಟಾಸ್‌ನವರಿಗೆ ಸಮಯ ಇತ್ತು, ಮೀರೋ ಮುಂಚೆ ಐದು ಬಾಯಿ ಮಾತಾಡಿದ್ವು, ಒಬ್ರು ಹೋಗಿ ಕಣ್ಣಾರೆ ನೋಡ್ಕೊಂಡು ಬಂದ್ರು. 447ರಲ್ಲಿ ಮೊದಲಿಂದ ಕೊನೆವರೆಗೂ ಸಿಕ್ಕಿದ್ದು ನಾಲ್ಕು ಚಿಲ್ಲರೆ ನಿಮಿಷ, ಒಬ್ರು ಏನು ಮಾಡ್ತಿದಾರೆ ಅಂತ ಇನ್ನೊಬ್ರಿಗೆ ಸ್ಪಷ್ಟ ಇರ್ಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ಬೇಕು. ಯಂತ್ರ ದಿನಾ ಮಾಡೋ ಕೆಲಸನ ಮನುಷ್ಯ ಮರೀತಾನೆ. 2013ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಏರ್‌ಲೈನ್‌ಗಳಿಗೆ ಒಂದು ಸುರಕ್ಷತಾ ಸೂಚನೆ ಕಳಿಸ್ತು, ಸೂಕ್ತ ಸಂದರ್ಭ ಸಿಕ್ಕಾಗ ಪೈಲಟ್‌ಗಳು ಕೈಯಲ್ಲೇ ಹಾರಿಸೋದನ್ನ ಪ್ರೋತ್ಸಾಹಿಸಿ ಅಂತ. ಇದು ಆಫೀಸ್ ಕೆಲಸಕ್ಕೂ ಅನ್ವಯ ಆಗೋ ಮಾತು. ಹೊಸಬರು ಮಾಡ್ತಾ ಕಲೀತಿದ್ದ ಸಣ್ಣ ಕೆಲಸಗಳನ್ನೆಲ್ಲ ಎಐಗೆ ಕೊಟ್ಟು, ತೀರ್ಮಾನ ಮಾತ್ರ ಮನುಷ್ಯರು ತಗೋತಾರೆ ಬಿಡಿ ಅನ್ನೋ ಕಂಪನಿಗಳಿವೆ, ಆ ತೀರ್ಮಾನ ತಗೊಳ್ಳೋ ಮನುಷ್ಯ ಹತ್ತು ವರ್ಷ ಆದ್ಮೇಲೆ ಎಲ್ಲಿಂದ ಬರ್ತಾನೆ ಅಂತ ಕೇಳಿದ್ರೆ ಮೀಟಿಂಗ್ ಮುಂದಕ್ಕೆ ಹೋಗತ್ತೆ.

ಈಗ ನಡೀತಿರೋ ಚರ್ಚೆ

ದೂರದ ಪ್ರಯಾಣದಲ್ಲಿ ವಿಮಾನ ಮೇಲೆ ಸ್ಥಿರವಾಗಿ ಹಾರ್ತಿರುವಾಗ ಕಾಕ್‌ಪಿಟ್‌ನಲ್ಲಿ ಒಬ್ಬರೇ ಪೈಲಟ್ ಇದ್ರೆ ಸಾಕಾ ಅನ್ನೋ ಪ್ರಸ್ತಾಪ ಕೆಲವು ವರ್ಷದಿಂದ ಇದೆ. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಎಯಾಸಾ ಇದರ ಮೇಲೆ ಅಧ್ಯಯನ ಮಾಡಿಸಿ, ಈಗಿನ ಕಾಕ್‌ಪಿಟ್‌ಗಳಲ್ಲಿ ಇಬ್ಬರು ಇದ್ದಾಗ ಸಿಗೋವಷ್ಟೇ ಸುರಕ್ಷತೆ ಇದರಲ್ಲೂ ಸಿಗತ್ತೆ ಅಂತ ಸಾಬೀತು ಮಾಡೋಕಾಗಲ್ಲ ಅಂತ 2025ರಲ್ಲಿ ಹೇಳ್ತು. ಕಾರಣಗಳಲ್ಲಿ ಆಯಾಸ, ನಿದ್ದೆಯಿಂದ ಎದ್ದ ತಕ್ಷಣದ ಮಂಪರು, ಒಬ್ಬರೇ ಇರುವಾಗ ಅವರಿಗೇ ಏನಾದ್ರೂ ಆದ್ರೆ ಹೇಗೆ ಅನ್ನೋದೆಲ್ಲ ಇವೆ. ಜೊತೆಗೆ ಒಬ್ಬರ ಕೆಲಸನ ಇನ್ನೊಬ್ಬರು ಪರಿಶೀಲಿಸೋದು ತಪ್ಪಿ ಹೋಗತ್ತೆ ಅನ್ನೋದೂ ಇದೆ.

ಟೀಮ್‌ನ ಐವರಿಂದ ಇಬ್ಬರಿಗೆ, ಇಬ್ಬರಿಂದ ಒಬ್ಬರಿಗೆ ಇಳಿಸಿ ಉಳಿದದ್ದನ್ನ ಸಾಫ್ಟ್‌ವೇರ್‌ಗೆ ಕೊಡೋ ಯೋಚನೆ ಇರೋವ್ರು ಈ ಕೊನೆ ಕಾರಣನ ತಮ್ಮ ಲೆಕ್ಕದಲ್ಲಿ ಸೇರಿಸ್ಕೊಳ್ಳಿ. ಕೆಲಸದ ಪಟ್ಟಿ ಮಾಡಿ ಯಾವುದು ಯಂತ್ರಕ್ಕೆ ಯಾವುದು ಮನುಷ್ಯನಿಗೆ ಅಂತ ಹಂಚುವಾಗ ಪರಿಶೀಲನೆ ಅನ್ನೋದು ಪಟ್ಟಿಯಲ್ಲೇ ಇರಲ್ಲ, ಯಾಕಂದ್ರೆ ಅದು ಯಾರ ಕೆಲಸ ಅಂತಲೂ ಬರೆದಿರಲ್ಲ, ಇಬ್ಬರ ಮಧ್ಯೆ ಮಾತಲ್ಲಿ ನಡೆದು ಹೋಗತ್ತೆ. ಒಬ್ಬರನ್ನ ತೆಗೆದ್ರೆ ಅವರ ಕೆಲಸದ ಜೊತೆ ಅದೂ ಹೋಗತ್ತೆ, ಮತ್ತೆ ಅದು ಹೋಗಿದೆ ಅಂತ ಯಾವ ಇಕ್ಯಾಮೂ ಮೆಸೇಜ್ ಕೊಡಲ್ಲ.